ಪೆಟ್ರೋಲ್ ಮುಳ್ಳು ಸುಳ್ಳು ಹೇಳಿದಾಗ: ಹಳೇ ಕಾರಿಗೆ ಹಾಕಿಸಿದ ಹೊಸ ಗೇಜ್ ಸರಿಮಾಡುವ ಬಗೆ

ಹೋದ ಚಳಿಗಾಲದ ಒಂದು ಭಾನುವಾರ ಮಂಡ್ಯದಿಂದ ಮೈಸೂರಿಗೆ ಹೊರಟಿದ್ದ ನಮ್ಮ ಸೋದರಮಾವ ಬಾಬುರಾಯನಕೊಪ್ಪಲಿನ ಹತ್ತಿರದಿಂದ ಫೋನ್ ಮಾಡಿದರು. ಅಂಬಾಸಡರ್ ಕೆಮ್ಮಿ ಕೆಮ್ಮಿ ನಿಂತುಬಿಟ್ಟಿತ್ತು.

"ಪೆಟ್ರೋಲ್ ಇದೆಯಾ ಮಾವ?"

"ಮುಳ್ಳು ಇನ್ನೂ ಕಾಲ್ ಭಾಗ ತೋರುಸ್ತಾ ಅದೆ ಕಣ್ಲಾ. ಕಾರ್ಬುರೇಟರ್ದೇ ಏನೋ ಆಗದೆ. ಸ್ಪ್ಯಾನರ್ ತಕೊಂಡು ಬಾ."

ಸ್ಪ್ಯಾನರ್ ಜೊತೆಗೆ ಒಂದು ತಗಡಿನ ಡಬ್ಬದಲ್ಲಿ ಐದು ಲೀಟರ್ ಪೆಟ್ರೋಲನ್ನೂ ಸ್ಕೂಟರಿಗೆ ಕಟ್ಟಿಕೊಂಡು ಹೋದೆ. ಅಷ್ಟರಲ್ಲಿ ಮಾವ ಕಾರ್ಬುರೇಟರ್ ಮುಚ್ಚಳ ಬಿಚ್ಚಿಟ್ಟಿದ್ದರು. ಒಳಗಿನ ಬೌಲ್ ಬಾಳೆಲೆ ಒರೆಸಿದ ಹಾಗೆ ಒಣಗಿತ್ತು. ಡಬ್ಬ ಸುರಿದು, ಪಂಪಿನ ಕೈಗುಬ್ಬಿ ನಾಲ್ಕು ಸಲ ಒತ್ತಿ ಸೆಲ್ಫ್ ಹೊಡೆದೆವು. ಗಾಡಿ ಸ್ಟಾರ್ಟ್ ಆಯಿತು. ಮುಳ್ಳು ಮಾತ್ರ ಅರ್ಧದ ಹತ್ತಿರಕ್ಕೆ ಏರಿ ಕೂತಿತು, ಐದೇ ಲೀಟರಿಗೆ.

ಆ ಗೇಜ್ ಎರಡು ವರ್ಷದ ಹಿಂದೆ ಹಾಕಿಸಿದ್ದು. ಕಾರ್ಖಾನೆಯ ಗೇಜ್ ಕೈಕೊಟ್ಟಾಗ ಅದರ ಜಾಗಕ್ಕೆ ಅಂಗಡಿಯವನು ಒಂದು ಯೂನಿವರ್ಸಲ್ ಗೇಜ್, ಅದರ ಜೋಡಿಯ ಟ್ಯಾಂಕ್ ಯೂನಿಟ್ ಕೊಟ್ಟಿದ್ದ. ಮಾವ ಆವತ್ತೇ ಹೊಸ ಗೇಜ್ ತರುತ್ತೇನೆ ಎಂದು ಹಟ ಹಿಡಿದರು. ತಂದಿದ್ದರೆ ಅದೂ ಇದೇ ಸುಳ್ಳು ಹೇಳುತ್ತಿತ್ತು. ಯಾಕೆಂದರೆ ಕೆಟ್ಟಿದ್ದು ಗೇಜ್ ಅಲ್ಲ, ಟ್ಯಾಂಕಿನ ಹತ್ತಿರದ ಅರ್ಥ್, ಅಂದರೆ ಕರೆಂಟ್ ಗಾಡಿಯ ಬಾಡಿಗೆ ಇಳಿಯುವ ಜೋಡಣೆ. ಒಂದು ಗೇಣು ವೈರಿನಲ್ಲಿ ಮುಗಿದ ಕೆಲಸ. ಅದೇ ದಾರಿಯಲ್ಲಿ ಆಮೇಲೆ ನನ್ನ 1986ರ ಪದ್ಮಿನಿ ಕಾರನ್ನೂ ಸರಿಮಾಡಿಕೊಂಡೆ. ಅದರ ರೋಗವೇ ಬೇರೆ. ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ. ನಾನು ಹೇಳುವ ಕ್ರಮ ತಪ್ಪಿಸಬೇಡಿ. ಟ್ಯಾಂಕ್ ಬಿಚ್ಚುವುದು ಕಟ್ಟಕಡೆಗೆ, ದುಡ್ಡು ಬಿಚ್ಚುವುದು ಅದಕ್ಕಿಂತಲೂ ಆಮೇಲೆ.

ಗೇಜಿಗೆ ಪೆಟ್ರೋಲ್ ಕಾಣಿಸುವುದಿಲ್ಲ

ಟ್ಯಾಂಕಿನೊಳಗೆ ಒಂದು ಫ್ಲೋಟ್ ತೇಲುತ್ತಿರುತ್ತದೆ. ಪೆಟ್ರೋಲ್ ಏರಿದರೆ ಏರುತ್ತದೆ, ಇಳಿದರೆ ಇಳಿಯುತ್ತದೆ. ಅದಕ್ಕೆ ಕಟ್ಟಿದ ತೋಳು ಒಂದು ರೆಸಿಸ್ಟೆನ್ಸ್ ಪಟ್ಟಿಯ ಮೇಲೆ ಸವರುತ್ತಾ ಹೋಗುತ್ತದೆ. ಇಷ್ಟಕ್ಕೆ ಟ್ಯಾಂಕ್ ಯೂನಿಟ್ ಎನ್ನುತ್ತಾರೆ, ಕೆಲವರ ಬಾಯಲ್ಲಿ ಸೆಂಡರ್. ಡ್ಯಾಶ್‌ಬೋರ್ಡಿನ ಗೇಜಿಗೆ ಗೊತ್ತಾಗುವುದು ಒಂದೇ: ತನ್ನ ಸೆಂಡರ್ ತುದಿಯಿಂದ ಅರ್ಥ್‌ವರೆಗೆ ಎಷ್ಟು ಓಮ್ (ಕರೆಂಟಿಗೆ ಒಡ್ಡುವ ಅಡ್ಡಿಯ ಅಳತೆ) ಇದೆ ಎಂಬುದು. ಆ ಓಮ್ ಸೆಂಡರಿನದೋ, ತುಕ್ಕು ಹಿಡಿದ ಸ್ಕ್ರೂವಿನದೋ, ಹಸಿರುಗಟ್ಟಿದ ವೈರಿನದೋ ಎಂದು ಅದಕ್ಕೆ ತಿಳಿಯುವುದಿಲ್ಲ.

ಎರಡನೇ ಮಾತು. ಎಲ್ಲ ಗೇಜುಗಳ ಲೆಕ್ಕ ಒಂದೇ ಅಲ್ಲ. ಮಾರುಕಟ್ಟೆಯ ಯೂನಿವರ್ಸಲ್ ಗೇಜುಗಳಲ್ಲಿ ಹೆಚ್ಚು ಕಾಣುವುದು ಅಮೆರಿಕದ ಅಳತೆ: ಖಾಲಿಗೆ 240 ಓಮ್, ಫುಲ್‌ಗೆ 33. ಯುರೋಪಿನ ವಿಡಿಒ ಕಂಪನಿಯ ಅಳತೆ ಇದಕ್ಕೆ ತಿರುಗುಮುರುಗು: ಖಾಲಿಗೆ 10, ಫುಲ್‌ಗೆ 180. ಜನರಲ್ ಮೋಟರ್ಸಿನದು ಖಾಲಿಗೆ 0, ಫುಲ್‌ಗೆ 90. ಹಳೆಯ ಫೋರ್ಡಿನದು 73ರಿಂದ 10ಕ್ಕೆ ಇಳಿಯುತ್ತದೆ. ಡಬ್ಬಿಯ ಮೇಲೋ ಗೇಜಿನ ಬೆನ್ನ ಮೇಲೋ ಈ ಅಂಕಿ ಬರೆದಿರುತ್ತದೆ. ಅಂಗಡಿಯವನು "ಎಲ್ಲ ಗಾಡಿಗೂ ಆಗುತ್ತೆ ಸಾರ್" ಎಂದರೆ ನಂಬಬೇಡಿ. ತೂತಿಗೆ ಕೂರುತ್ತದೆ ಎಂಬುದಷ್ಟೇ ಅವನ ಅರ್ಥ.

ಬೇಕಾದ ಸಾಮಾನು

ಒಂದು ಸಾದಾ ಡಿಜಿಟಲ್ ಮಲ್ಟಿಮೀಟರ್. ಎರಡು ತುದಿಗೂ ಕ್ಲಿಪ್ ಇರುವ ನಾಲ್ಕೈದು ವೈರು. ಎಮರಿ ಪೇಪರ್, ತಂತಿ ಬ್ರಷ್, ರಿಂಗ್ ಲಗ್‌ಗಳು (ವೈರಿನ ತುದಿಗೆ ಹಾಕುವ ಲೋಹದ ಉಂಗುರ), ಮೂರು ಮೀಟರಿನಷ್ಟು ವೈರು. ನಿಮ್ಮ ಗೇಜಿನ ಖಾಲಿ, ಅರ್ಧ, ಫುಲ್ ಅಳತೆಗೆ ಹೊಂದುವ ಮೂರು ರೆಸಿಸ್ಟರ್. 240-33 ಗೇಜ್ ಆದರೆ 240, 100, 33 ಓಮ್ ತನ್ನಿ, ಮೂರೂ ಅಂಗಡಿಯಲ್ಲಿ ಸಿಗುವ ಅಳತೆಗಳೇ. 10-180 ಗೇಜಿಗೆ 10 ಮತ್ತು 180 ಸಾಕು. ಅರ್ಧ ವ್ಯಾಟಿಗಿಂತ ಸಣ್ಣವು ಬೇಡ, ಬೇಗ ಕಾಯುತ್ತವೆ. ರೇಡಿಯೊ, ಟಿವಿ ರಿಪೇರಿ ಮಾಡುವವರ ಹತ್ತಿರ ಕೇಳಿ, ಇಲ್ಲದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವವರ ಕೈಯಲ್ಲಿ ತರಿಸಿ. ಚಿಲ್ಲರೆ ಕಾಸಿನ ಬಾಬತ್ತು.

ಕೆಲಸ ಬಯಲಲ್ಲಿ ಮಾಡಿ. ಶಟರ್ ಎಳೆದ ಗ್ಯಾರೇಜಿನಲ್ಲಿ ಬೇಡ, ಅಡುಗೆಮನೆಯ ಕಿಟಕಿಯ ಪಕ್ಕದಲ್ಲೂ ಬೇಡ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದುಕೊಂಡು ಹೋಗಿ ಎಲ್ಲೋ ಇರುವ ಕಿಡಿ ಮುಟ್ಟುತ್ತದೆ. ಯೂನಿಟ್ ಹೊರಗೆ ತೆಗೆಯುವ ಹಂತ ಬಂದಾಗ ಬ್ಯಾಟರಿಯ ಅರ್ಥ್ ಕೇಬಲ್ ಬಿಚ್ಚಲೇಬೇಕು. ಬೆಂಕಿ ಆರಿಸುವ ಒಣಪುಡಿಯ ಸಿಲಿಂಡರ್ ಕೈಗೆ ಸಿಗುವಷ್ಟು ಹತ್ತಿರ ಇರಲಿ.

ರೋಗ ಏನು ಹೇಳುತ್ತಿದೆ, ಮೊದಲು ಕೇಳಿ

ಒಂದು ವಾರ ಗಾಡಿ ಓಡಿಸಿ, ಮುಳ್ಳಿನ ನಡತೆ ಬರೆದಿಟ್ಟುಕೊಳ್ಳಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಪೆಟ್ರೋಲ್ ಹಾಕಿಸಿದರೆ ಮುಳ್ಳು ಇಳಿಯುತ್ತದೆ, ಖರ್ಚಾದರೆ ಏರುತ್ತದೆ ಎಂದರೆ ಗೇಜಿಗೂ ಸೆಂಡರಿಗೂ ಜಾತಕ ಕೂಡಿಲ್ಲ. ಒಂದು ತಿರುಗುಮುರುಗು ಅಳತೆಯದು. ಯಾವ ರಿಪೇರಿಯೂ ಬೇಡ, ಎರಡರಲ್ಲಿ ಒಂದನ್ನು ಬದಲಿಸಬೇಕು.

ಹೆಡ್‌ಲೈಟ್ ಹಾಕಿದ ಕೂಡಲೇ ಮುಳ್ಳು ಜರುಗುತ್ತದೆ, ಇಂಡಿಕೇಟರ್ ಜೊತೆ ತಾಳ ಹಾಕುತ್ತದೆ ಎಂದರೆ ಅರ್ಥ್ ಕೆಟ್ಟಿದೆ. ಇದರಲ್ಲಿ ಎರಡು ಮಾತಿಲ್ಲ.

ಎಷ್ಟು ತುಂಬಿಸಿದರೂ ಮುಕ್ಕಾಲು ದಾಟುವುದಿಲ್ಲ, ಅಥವಾ ಒಂದು ಮಟ್ಟಕ್ಕೆ ಬಂದು ನಿಂತು ಆಮೇಲೆ ದಿಢೀರನೆ ಬೀಳುತ್ತದೆ ಎಂದರೆ ಫ್ಲೋಟಿನ ತೋಳು ಎಲ್ಲೋ ತಗಲುತ್ತಿದೆ, ಇಲ್ಲ ತೋಳಿನ ಉದ್ದ ತಪ್ಪು. ಎಷ್ಟು ತುಂಬಿಸಿದರೂ ಖಾಲಿಯೇ ಎಂದರೆ ಫ್ಲೋಟ್ ಮುಳುಗಿರಬಹುದು, ವೈರ್ ಕಡಿದಿರಬಹುದು. ತಿರುವಿನಲ್ಲಿ, ಬ್ರೇಕ್ ಒತ್ತಿದಾಗ ಮುಳ್ಳು ಕುಣಿಯುವುದು ರೋಗವಲ್ಲ, ಒಳಗೆ ಪೆಟ್ರೋಲ್ ಕುಲುಕುತ್ತಿದೆ ಅಷ್ಟೆ.

ಹಂತ 1: ಗೇಜಿಗೆ ಕರೆಂಟ್ ಸರಿಯಾಗಿ ಬರುತ್ತಿದೆಯೇ

ಗೇಜಿನ ಬೆನ್ನಿಗೆ ಮೂರು ಸ್ಟಡ್ (ವೈರ್ ಕಟ್ಟುವ ತಿರುಪುಮೊಳೆ) ಇರುತ್ತವೆ. ಇಗ್ನಿಷನ್ ಕರೆಂಟಿಗೆ ಒಂದು (ಐ ಅಥವಾ + ಗುರುತು), ಸೆಂಡರಿಗೆ ಒಂದು (ಎಸ್ ಗುರುತು), ಅರ್ಥ್‌ಗೆ ಒಂದು. ಇಗ್ನಿಷನ್ ಹಾಕಿ, ಐ ಸ್ಟಡ್‌ಗೂ ಅರ್ಥ್ ಸ್ಟಡ್‌ಗೂ ನಡುವೆ ವೋಲ್ಟೇಜ್ ನೋಡಿ. ಬ್ಯಾಟರಿಯಲ್ಲಿ ಎಷ್ಟಿದೆಯೋ ಹೆಚ್ಚುಕಡಿಮೆ ಅಷ್ಟೇ ಇಲ್ಲೂ ಬರಬೇಕು. ಅರ್ಧ ವೋಲ್ಟಿಗಿಂತ ಹೆಚ್ಚು ಕಡಿಮೆಯಾದರೆ ಫ್ಯೂಸ್ ಬಾಕ್ಸಿನ ಕ್ಲಿಪ್, ಇಗ್ನಿಷನ್ ಸ್ವಿಚ್, ಡ್ಯಾಶ್‌ಬೋರ್ಡಿನ ಅರ್ಥ್ ಮೂರನ್ನೂ ಉಜ್ಜಿ ನೋಡಿ.

ಮಲ್ಟಿಮೀಟರಿನ ಅಂಕಿ ಒಂದೇ ಕಡೆ ನಿಲ್ಲದೆ ಮಿಡಿಯುತ್ತಿದ್ದರೆ ನಿಲ್ಲಿ. ಬ್ರಿಟಿಷ್ ವಿನ್ಯಾಸದ ಎಷ್ಟೋ ಹಳೇ ಕಾರುಗಳಲ್ಲಿ ಮೂಲ ಗೇಜಿಗೆ ಒಂದು ಪುಟ್ಟ ತಗಡಿನ ಸ್ಟೆಬಿಲೈಸರ್ ಮೂಲಕ ಸರಾಸರಿ 10 ವೋಲ್ಟ್ ಹೋಗುತ್ತದೆ. ಅದು ಕರೆಂಟನ್ನು ಕಡಿದು ಕಡಿದು ಬಿಡುತ್ತದೆ. ಹಳೆಯ ಕಾಯುವ ಪಟ್ಟಿಯ (ಬಿಸಿಯಾದಾಗ ಬಾಗಿ ಮುಳ್ಳು ತಳ್ಳುವ ಪಟ್ಟಿಯ) ಗೇಜ್ ನಿಧಾನಿ, ಅದಕ್ಕೆ ಇದು ತಿಳಿಯುವುದೇ ಇಲ್ಲ. ನೇರ 12 ವೋಲ್ಟ್ ಬೇಡುವ ಹೊಸ ಗೇಜನ್ನು ಅದೇ ಹಳೆಯ ವೈರಿಗೆ ಕಟ್ಟಿದರೆ ಮುಳ್ಳು ತಪ್ಪು ತೋರಿಸುತ್ತದೆ, ನಡುಗುತ್ತದೆ. ಹೊಸದಕ್ಕೆ ಇಗ್ನಿಷನ್ನಿನಿಂದ ಬೇರೆ ಲೈನ್ ಎಳೆಯಿರಿ. ಸ್ಟೆಬಿಲೈಸರನ್ನು ಕಿತ್ತುಹಾಕಬೇಡಿ, ಟೆಂಪರೇಚರ್ ಗೇಜ್ ಇನ್ನೂ ಅದನ್ನೇ ನಂಬಿಕೊಂಡಿರಬಹುದು.

ತೀರಾ ಹಳೆಯ ಗಾಡಿಯಾದರೆ ಬ್ಯಾಟರಿಯ ಯಾವ ಧ್ರುವ ಬಾಡಿಗೆ ಕಟ್ಟಿದೆ ಎಂದು ನೋಡಿಕೊಳ್ಳಿ. ಪಾಸಿಟಿವ್ ಅರ್ಥ್ ಇರುವ ಗಾಡಿಗೆ ಇಂದಿನ ಗೇಜನ್ನು ಹಾಗೇ ಕಟ್ಟಿದರೆ ಅದು ಸುಟ್ಟೂ ಹೋಗಬಹುದು.

ಹಂತ 2: ಗೇಜನ್ನು ಒಂಟಿಯಾಗಿ ಪರೀಕ್ಷಿಸಿ

ಇಗ್ನಿಷನ್ ಆಫ್ ಮಾಡಿ, ಎಸ್ ಸ್ಟಡ್‌ನಿಂದ ಟ್ಯಾಂಕಿಗೆ ಹೋಗುವ ವೈರ್ ಬಿಚ್ಚಿ ಪಕ್ಕಕ್ಕಿಡಿ. ಎಸ್ ಸ್ಟಡ್‌ಗೂ ಗೇಜಿನದೇ ಅರ್ಥ್ ಸ್ಟಡ್‌ಗೂ ನಡುವೆ, 240-33 ಗೇಜ್ ಆದರೆ, 240 ಓಮ್ ರೆಸಿಸ್ಟರ್ ಕ್ಲಿಪ್ ಮಾಡಿ, ಇಗ್ನಿಷನ್ ಹಾಕಿ. ಮುಳ್ಳು ಖಾಲಿಯ ಗೆರೆಗೆ ಬರಬೇಕು. 100 ಹಾಕಿದರೆ ಅರ್ಧ, 33 ಹಾಕಿದರೆ ಫುಲ್. ಒಂದೊಂದಕ್ಕೂ ಅರ್ಧ ನಿಮಿಷ ಕಾಯಿರಿ, ಕೆಲವು ಗೇಜುಗಳು ಬೇಕೆಂದೇ ನಿಧಾನ.

ಮೂರಕ್ಕೂ ಸರಿಯಾಗಿ ನಿಂತರೆ ನಿಮ್ಮ ಗೇಜ್ ನಿರಪರಾಧಿ. ನಾನು ಕೈಯಾಡಿಸಿದ ಆರೇಳು ಗಾಡಿಗಳಲ್ಲಿ ಗೇಜೇ ಕೆಟ್ಟಿದ್ದು ಒಂದರಲ್ಲಿ ಮಾತ್ರ. ಆದರೂ ಅಷ್ಟೂ ಜನ ನನ್ನ ಹತ್ತಿರ ಬರುವ ಮೊದಲೇ ಹೊಸ ಗೇಜಿನ ಬೆಲೆ ವಿಚಾರಿಸಿಕೊಂಡು ಬಂದಿದ್ದರು.

ರೆಸಿಸ್ಟರ್ ಇಲ್ಲದಿದ್ದರೆ ಒಂದು ಒರಟು ಪರೀಕ್ಷೆ ಇದೆ. ಎಸ್ ಖಾಲಿ ಬಿಟ್ಟರೆ 240-33 ಗೇಜ್ ಖಾಲಿಗಿಂತ ಕೆಳಗೆ ಹೋಗುತ್ತದೆ, ಎಸ್ ಅನ್ನು ಅರ್ಥ್‌ಗೆ ಮುಟ್ಟಿಸಿದರೆ ಫುಲ್ ದಾಟುತ್ತದೆ. 10-180 ಗೇಜಿನಲ್ಲಿ ಇದು ಉಲ್ಟಾ. ಇದರಿಂದ ಗೇಜಿಗೆ ಜೀವ ಇದೆ ಎಂದು ಗೊತ್ತಾಗುತ್ತದೆಯೇ ಹೊರತು ಅದರ ಲೆಕ್ಕ ಸರಿ ಎಂದಲ್ಲ. ಕಾಯುವ ಪಟ್ಟಿಯ ಹಳೇ ಗೇಜನ್ನು ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಹೊತ್ತು ಹೀಗೆ ಅರ್ಥ್‌ಗೆ ಮುಟ್ಟಿಸಿ ಹಿಡಿಯಬೇಡಿ, ಒಳಗಿನ ಸುರುಳಿ ಸುಟ್ಟೀತು. ಸೆಂಡರಿಗಂತೂ ಯಾವ ಕಾರಣಕ್ಕೂ ನೇರ 12 ವೋಲ್ಟ್ ಕೊಡಬೇಡಿ.

ಹಂತ 3: ಅದೇ ಪರೀಕ್ಷೆ, ಟ್ಯಾಂಕಿನ ತುದಿಯಿಂದ

ಎಸ್ ವೈರನ್ನು ಮತ್ತೆ ಗೇಜಿಗೆ ಕಟ್ಟಿ. ಈಗ ಡಿಕ್ಕಿಯ ಕಡೆ ಹೋಗಿ ಟ್ಯಾಂಕ್ ಯೂನಿಟ್ಟಿನಿಂದ ಆ ವೈರಿನ ಇನ್ನೊಂದು ತುದಿ ಬಿಚ್ಚಿ. ಮೊದಲು ಮೂಗಿಗೆ ಕೆಲಸ ಕೊಡಿ: ಪೆಟ್ರೋಲ್ ವಾಸನೆ ಜೋರಾಗಿದ್ದರೆ ಡಿಕ್ಕಿ ತೆರೆದಿಟ್ಟು ಗಾಳಿಯಾಡಲು ಬಿಡಿ, ಸೋರುವ ಜಾಗ ಹುಡುಕಿ ಸರಿಪಡಿಸಿದ ಮೇಲೆಯೇ ಮುಂದಿನ ಕೆಲಸ. ಒಂದು ಉದ್ದ ವೈರ್ ಸಿಕ್ಕಿಸಿ ರೆಸಿಸ್ಟರನ್ನು ಟ್ಯಾಂಕಿನಿಂದ ದೂರಕ್ಕೆ ತನ್ನಿ. ವೈರಿಗೂ ಬಾಡಿಯ ಬರಿ ತಗಡಿಗೂ ನಡುವೆ ರೆಸಿಸ್ಟರ್ ಸೇರಿಸಿದ ಮೇಲೆ ಇಗ್ನಿಷನ್ ಹಾಕಿ.

ಡ್ಯಾಶ್‌ಬೋರ್ಡಿನಲ್ಲಿ ಸರಿ ತೋರಿಸಿದ ಗೇಜ್ ಇಲ್ಲಿಂದ ತಪ್ಪು ತೋರಿಸಿದರೆ ದಾರಿಯ ವೈರಿನಲ್ಲಿ ದೋಷ. ಮೂವತ್ತು ನಲವತ್ತು ವರ್ಷದ ವೈರು, ನಡುವೆ ಯಾರೋ ತಿರುಚಿ ಟೇಪ್ ಸುತ್ತಿದ ಎರಡು ಜೋಡಣೆ ಸಿಕ್ಕೇ ಸಿಗುತ್ತವೆ. ತುದಿಯಿಂದ ತುದಿಗೆ ಒಂದು ಓಮಿಗಿಂತ ಕಡಿಮೆ ಬರಬೇಕು. ಅಳೆಯುವ ಮೊದಲು ಮಲ್ಟಿಮೀಟರಿನ ಎರಡು ಮೊನೆ ಮುಟ್ಟಿಸಿ ಎಷ್ಟು ತೋರಿಸುತ್ತದೆ ನೋಡಿ ಅಷ್ಟನ್ನು ಕಳೆಯಿರಿ. ಅಗ್ಗದ ಮೀಟರಿನ ವೈರೇ ಅರ್ಧ ಓಮ್ ತಿನ್ನುತ್ತದೆ. ತೇಪೆ ಹಾಕುವ ಬದಲು ಹೊಸ ವೈರ್ ಎಳೆಯುವುದೇ ಲೇಸು.

ಹಂತ 4: ಅರ್ಥ್

ಇಲ್ಲಿ ಸ್ವಲ್ಪ ಹೊತ್ತು ಕೂರೋಣ. ಮಾವನ ಗಾಡಿಯ ಗುಟ್ಟು ಇಲ್ಲೇ ಇತ್ತು.

ಯೂನಿಟ್ಟಿನ ಚಾಚುಪಟ್ಟಿ (ಹೊರಗೆ ಚಾಚಿದ ಅಗಲ ಅಂಚು, ಫ್ಲಾಂಜ್) ಟ್ಯಾಂಕಿಗೆ ಐದಾರು ಸ್ಕ್ರೂಗಳಲ್ಲಿ ಕೂತಿರುತ್ತದೆ, ನಡುವೆ ರಬ್ಬರ್ ಪ್ಯಾಕಿಂಗ್. ಕರೆಂಟ್ ಸೆಂಡರಿನಿಂದ ಬಾಡಿಗೆ ಇಳಿಯಬೇಕಾದರೆ ಸ್ಕ್ರೂ, ಟ್ಯಾಂಕ್, ಟ್ಯಾಂಕ್ ಹಿಡಿದ ಪಟ್ಟಿ, ಹೀಗೆ ಹಾದು ಬರಬೇಕು. ಮಾವ ತುಕ್ಕು ಹಿಡಿಯಬಾರದೆಂದು ಟ್ಯಾಂಕನ್ನು ಹೊರಗೆ ತೆಗೆಸಿ, ಮೂರು ಕೋಟ್ ಬಣ್ಣ ಹೊಡೆಸಿ, ಪಟ್ಟಿಯ ಕೆಳಗೆ ಹಳೇ ಟ್ಯೂಬಿನ ರಬ್ಬರ್ ಕೊಟ್ಟು ಕೂರಿಸಿದ್ದರು. ಕೆಲಸ ನೋಡಲು ಚಂದ. ಆದರೆ ಚಾಚುಪಟ್ಟಿಯಿಂದ ಬಾಡಿಗೆ ಮಲ್ಟಿಮೀಟರ್ ಹಿಡಿದರೆ 38 ಓಮ್! ಸೊನ್ನೆಯ ಹತ್ತಿರ ಬರಬೇಕಾದ ಜಾಗ.

ಅವರ ಗೇಜ್ 10-180 ಅಳತೆಯದು. ಟ್ಯಾಂಕ್ ಖಾಲಿಯಾದಾಗ ಸೆಂಡರ್ 10 ಓಮ್ ಕೊಡುತ್ತದೆ. ಅದಕ್ಕೆ ಅರ್ಥಿನ 38 ಸೇರಿ 48. ಗೇಜಿನ ಲೆಕ್ಕದಲ್ಲಿ 48 ಎಂದರೆ ಕಾಲು ಟ್ಯಾಂಕಿಗೆ ಕೂದಲೆಳೆ ಕಡಿಮೆ. ಬಾಬುರಾಯನಕೊಪ್ಪಲಿನಲ್ಲಿ ಮಾವನಿಗೆ ಕಂಡದ್ದು ಆ ಕಾಲು. ಫುಲ್ ಮಾಡಿಸಿದಾಗ ಮುಳ್ಳು ಗೆರೆ ದಾಟಿ ಆಚೆಗೆ ಒರಗುತ್ತಿದ್ದುದನ್ನೂ ಅವರು ನೋಡಿದ್ದರು. ಬಂಕಿನವನು ಧಾರಾಳವಾಗಿ ಅಳೆದಿದ್ದಾನೆ ಎಂದುಕೊಂಡಿದ್ದರಂತೆ.

ಇದೇ 38 ಓಮ್ 240-33 ಗೇಜಿನ ದಾರಿಯಲ್ಲಿ ಸೇರಿದರೆ ಕತೆ ತಿರುಗುತ್ತದೆ. ಫುಲ್ ಟ್ಯಾಂಕಿನ 33 ಹೋಗಿ 71 ಆಗಿ ಮುಳ್ಳು ಫುಲ್ಲಿನಿಂದ ಬಹಳ ಕೆಳಗೇ ನಿಲ್ಲುತ್ತದೆ, ಖಾಲಿಯ ತುದಿಯಲ್ಲಿ 240ರ ಜಾಗಕ್ಕೆ 278 ಬಂದರೂ ಕಣ್ಣಿಗೆ ಅಷ್ಟು ಬೀಳುವುದಿಲ್ಲ. ಅಂದರೆ ಅದೇ ಕೆಟ್ಟ ಅರ್ಥ್ ಒಂದು ಗೇಜಿನಲ್ಲಿ ಇಲ್ಲದ ಪೆಟ್ರೋಲ್ ತೋರಿಸುತ್ತದೆ, ಇನ್ನೊಂದರಲ್ಲಿ ಇರುವ ಪೆಟ್ರೋಲ್ ಬಚ್ಚಿಡುತ್ತದೆ. ದಾರಿಯಲ್ಲಿ ಕೈಬಿಡುವುದು ಮೊದಲನೆಯದು.

ಮದ್ದು ಸುಲಭ. ಚಾಚುಪಟ್ಟಿಯ ಒಂದು ಸ್ಕ್ರೂ ಬಿಚ್ಚಿ, ಅದರ ಸುತ್ತಲ ಜಾಗವನ್ನು ಕೈಯಿಂದಲೇ ಎಮರಿ ಪೇಪರ್ ಹಾಕಿ ತಗಡು ಹೊಳೆಯುವ ತನಕ ಉಜ್ಜಿ. ಗ್ರೈಂಡರ್, ಡ್ರಿಲ್ ಹತ್ತಿರ ತರಬೇಡಿ. ರಿಂಗ್ ಲಗ್ ಹಾಕಿದ ವೈರ್ ಕೂರಿಸಿ, ಇನ್ನೊಂದು ತುದಿಯನ್ನು ಬಣ್ಣ ಕೆರೆದ ಬಾಡಿಗೆ ಬೋಲ್ಟ್ ಮಾಡಿ, ಮೇಲೆ ಸ್ವಲ್ಪ ಗ್ರೀಸ್ ಸವರಿ. ಅಳೆಯುವಾಗ ಲೈಟು, ಇಗ್ನಿಷನ್ ಎಲ್ಲ ಆಫ್ ಇರಲಿ, ಕರೆಂಟ್ ಹರಿಯುತ್ತಿರುವಾಗ ಓಮ್ ಅಳತೆ ಸುಳ್ಳಾಗುತ್ತದೆ. ಡ್ಯಾಶ್‌ಬೋರ್ಡಿನ ಕಡೆಯೂ ಗೇಜಿನ ಅರ್ಥ್ ಅನ್ನು ಅದರ ಬಲ್ಬಿನ ಅರ್ಥ್ ಜೊತೆ ಸರಪಳಿ ಕಟ್ಟಬೇಡಿ, ಬೇರೆಯಾಗಿಯೇ ಬಾಡಿಗೆ ತನ್ನಿ.

ಹಂತ 5: ಯೂನಿಟ್ ಹೊರಗೆ

ಇಲ್ಲಿಯವರೆಗೂ ಎಲ್ಲ ಸರಿಯಿದ್ದು ಮುಳ್ಳು ಇನ್ನೂ ತಪ್ಪು ತೋರಿಸಿದರೆ ಮಾತ್ರ ಟ್ಯಾಂಕಿಗೆ ಕೈಹಾಕಿ. ಟ್ಯಾಂಕ್ ಅರ್ಧಕ್ಕಿಂತ ಕಡಿಮೆ ಇರಲಿ. ಬ್ಯಾಟರಿ ಬಿಚ್ಚಿ. ಸ್ಕ್ರೂ ಸುತ್ತ ಮಣ್ಣು ಒರೆಸಿದ ಮೇಲೆ ಬಿಚ್ಚಿ, ಇಲ್ಲದಿದ್ದರೆ ಅಷ್ಟೂ ಟ್ಯಾಂಕಿಗೆ ಬೀಳುತ್ತದೆ. ಯೂನಿಟ್ಟನ್ನು ನೇರ ಎತ್ತಬೇಡಿ, ಓರೆ ಮಾಡಿ ತಿರುಗಿಸುತ್ತಾ ತೋಳು ಬಗ್ಗದಂತೆ ತೆಗೆಯಿರಿ. ಯಾವ ದಿಕ್ಕಿಗೆ ಕೂತಿತ್ತು ಎಂದು ಮೊದಲೇ ಚಾಕ್‌ಪೀಸಿನಿಂದ ಗುರುತು ಹಾಕಿ. ತೂತಿಗೆ ಒದ್ದೆ ಬಟ್ಟೆ ಮುಚ್ಚಿ, ಯೂನಿಟ್ಟನ್ನು ಗಾಡಿಯಿಂದ ದೂರ ಒಯ್ದು ಒಣಗಿಸಿ.

ಮಲ್ಟಿಮೀಟರಿನ ಒಂದು ಮೊನೆ ಸೆಂಡರ್ ಸ್ಟಡ್‌ಗೆ, ಇನ್ನೊಂದು ಚಾಚುಪಟ್ಟಿಗೆ. ತೋಳನ್ನು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಎತ್ತಿ. ಅಂಕಿ ಮೆಟ್ಟಿಲಿಳಿದ ಹಾಗೆ ಒಂದೇ ದಿಕ್ಕಿಗೆ ಸಾಗಬೇಕು. ನಡುವೆ ಎಲ್ಲಾದರೂ ಅಂಕಿ ಮಾಯವಾದರೆ ಆ ಜಾಗದಲ್ಲಿ ತಂತಿ ಸವೆದಿದೆ. ಸಾಧಾರಣವಾಗಿ ಕಾಲು ಮತ್ತು ಅರ್ಧದ ನಡುವೆಯೇ ಸವೆಯುವುದು, ನಾವು ಹೆಚ್ಚು ಓಡಿಸುವುದು ಆ ಮಟ್ಟದಲ್ಲೇ ತಾನೆ. ಎರಡು ತುದಿಯ ಅಂಕಿಯನ್ನು ಬರೆದಿಟ್ಟುಕೊಳ್ಳಿ, ಮುಂದಿನ ಹಂತಕ್ಕೆ ಬೇಕು.

ಆಮೇಲೆ ಫ್ಲೋಟ್. ಹಿತ್ತಾಳೆಯದಾದರೆ ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಗುಳುಗುಳು ಎಂದರೆ ತೂತಾಗಿದೆ. ಬೆಸುಗೆ ಹಾಕಲು ಹೋಗಬೇಡಿ, ಒಳಗಿನ ಆವಿ ಸಿಡಿಯುತ್ತದೆ. ಹೊಸದು ಹಾಕಿ.

ಬೆಂಡಿನ (ಕಾರ್ಕ್) ಫ್ಲೋಟ್ ಇರುವ ತೀರಾ ಹಳೇ ಗಾಡಿಯವರಿಗೆ ಒಂದು ಎಚ್ಚರಿಕೆ. ಹಿಂದೆ ಬೆಂಡು ಪೆಟ್ರೋಲ್ ಹೀರದಿರಲಿ ಎಂದು ಅದಕ್ಕೆ ಅರಗಿನ ಲೇಪ ಕೊಡುತ್ತಿದ್ದರು. ನಮ್ಮೂರಿನವರಿಗೆ ಅರಗು ಹೊಸತಲ್ಲ. ಚುನಾವಣೆಯ ಶಾಯಿ ತಯಾರಿಸುವ ನಮ್ಮ ಮೈಸೂರಿನ ಕಾರ್ಖಾನೆ 1937ರಲ್ಲಿ ಶುರುವಾದದ್ದೇ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ. ಅರಗು ಪೆಟ್ರೋಲಿಗೆ ಜಗ್ಗುವುದಿಲ್ಲ, ಸ್ಪಿರಿಟ್ಟಿಗೆ ಕರಗುತ್ತದೆ. ಬಡಗಿಗಳು ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿಯೇ ಪಾಲಿಷ್ ಮಾಡುವುದು. ಈಗ ಬಂಕಿನಲ್ಲಿ ಸಿಗುವ ಇ20 ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಇರುತ್ತದೆ, ಅದೂ ಒಂದು ಬಗೆಯ ಸ್ಪಿರಿಟ್ಟೇ. ಮಂಡ್ಯದ ಕಬ್ಬಿನ ಕಾಕಂಬಿಯಿಂದಲೂ ಅಂಥದ್ದನ್ನು ಬಟ್ಟಿ ಇಳಿಸಬಹುದು. ಲೇಪ ಕರಗಿ ಬೆಂಡು ಪೆಟ್ರೋಲ್ ಕುಡಿದು ಮುಳುಗುತ್ತದೆ, ಮುಳ್ಳು ದಿನೇ ದಿನೇ ಕೆಳಗೆ ಜಾರುತ್ತದೆ. ಕರಗಿದ ಅರಗು ಅಂಟಾಗಿ ಕಾರ್ಬುರೇಟರಿನ ಜೆಟ್ಟಿಗೂ ಹೋಗುತ್ತದೆ. ಎಥನಾಲ್ ತಡೆಯುವ ಫ್ಲೋಟ್, ಹಾಗೆಯೇ ಎಥನಾಲ್ ತಡೆಯುವ ಪ್ಯಾಕಿಂಗ್ ಹಾಕಿ.

ಯೂನಿವರ್ಸಲ್ ಯೂನಿಟ್ ಆದರೆ ತೋಳಿನ ಉದ್ದ ನಾವೇ ಹೊಂದಿಸಬೇಕು. ಜೊತೆಗೆ ಬಂದ ಕಾಗದದಲ್ಲಿ ಟ್ಯಾಂಕಿನ ಆಳಕ್ಕೆ ತಕ್ಕ ಅಳತೆಯ ಪಟ್ಟಿ ಇರುತ್ತದೆ. ಆ ಕಾಗದ ಕಳೆದುಹೋಗುವುದೂ ವಾಡಿಕೆ. ಆಗ ಹೀಗೆ ಮಾಡಿ: ಸ್ವಚ್ಛವಾದ ಮರದ ಕಡ್ಡಿ ಇಳಿಸಿ ಟ್ಯಾಂಕಿನ ಆಳ ಅಳೆಯಿರಿ. ತೋಳಿನ ಕೀಲು ಆ ಆಳದ ನಟ್ಟನಡುವೆ ಬರಬೇಕು. ತೋಳು ಒಟ್ಟು 90 ಡಿಗ್ರಿ ತಿರುಗುವಂಥದ್ದಾದರೆ ಅದರ ಉದ್ದ ಆಳದ ಹತ್ತರಲ್ಲಿ ಏಳು ಪಾಲು. 25 ಸೆಂಟಿಮೀಟರ್ ಆಳದ ಟ್ಯಾಂಕಿಗೆ ಕೀಲು ಹನ್ನೆರಡೂವರೆಯಲ್ಲಿ, ತೋಳು ಸುಮಾರು ಹದಿನೇಳೂವರೆ. ಫ್ಲೋಟಿನ ದಪ್ಪಕ್ಕೆಂದು ಸ್ವಲ್ಪ ಕಡಿಮೆ ಮಾಡಿ, ತಳಕ್ಕೂ ನೆತ್ತಿಗೂ ಬಡಿಯಬಾರದು. ತೋಳು ಬೀಸುವ ದಾರಿಯಲ್ಲಿ ಪೆಟ್ರೋಲ್ ಹೀರುವ ಪೈಪು, ಒಳಗಿನ ಅಡ್ಡತಗಡು ಇಲ್ಲವೇ ಎಂದು ಟಾರ್ಚ್ ಬಿಡದೆ ಕೈಯಂದಾಜಿನಲ್ಲೇ ನೋಡಿ, ಕಡ್ಡಿ ಆಡಿಸಿದರೆ ತಗಲುವುದು ಗೊತ್ತಾಗುತ್ತದೆ.

ಹಂತ 6: ಎರಡರ ಜಾತಕ ಕೂಡಿಸುವುದು

ನನ್ನ ಪದ್ಮಿನಿಯ ರೋಗ ಇದು. ಮೂಲ ಸೆಂಡರ್ ಗಟ್ಟಿಯಾಗಿತ್ತು, ಗೇಜ್ ಮಾತ್ರ 240-33ರ ಹೊಸದು. ಫುಲ್ ಮಾಡಿಸಿದರೆ ಎಷ್ಟು ದೂರ ಹೋದರೂ ಮುಳ್ಳು ಫುಲ್ ಬಿಟ್ಟು ಅಲ್ಲಾಡುತ್ತಿರಲಿಲ್ಲ, ಇನ್ನೊಂದು ತುದಿಯಲ್ಲಿ ಪೆಟ್ರೋಲ್ ಇರುವಾಗಲೇ ಖಾಲಿ ಎನ್ನುತ್ತಿತ್ತು. ಸೆಂಡರ್ ಅಳೆದರೆ ಖಾಲಿಗೆ 298, ಫುಲ್‌ಗೆ 11. ದಿಕ್ಕು ಒಂದೇ, ಹರವು ಬೇರೆ. ಹೀಗಿದ್ದರೆ ಎರಡು ರೆಸಿಸ್ಟರಿನಲ್ಲಿ ಕೆಲಸವಾಗುತ್ತದೆ.

ಮೊದಲು ಚಿಕ್ಕ ತುದಿ. 33 ಬೇಕು, ಇರುವುದು 11, ಕೊರತೆ 22. ಆದ್ದರಿಂದ ಟ್ಯಾಂಕಿನಿಂದ ಬರುವ ವೈರಿಗೂ ಎಸ್ ಸ್ಟಡ್‌ಗೂ ನಡುವೆ 22 ಓಮ್ ಸೀರೀಸ್‌ನಲ್ಲಿ ಹಾಕಿದೆ. ಈಗ ಹರವು 320ರಿಂದ 33. ಆಮೇಲೆ ದೊಡ್ಡ ತುದಿ. 320ನ್ನು 240ಕ್ಕೆ ಇಳಿಸಲು ಎಸ್ ಸ್ಟಡ್‌ನಿಂದ ಅರ್ಥ್‌ಗೆ ಒಂದು ರೆಸಿಸ್ಟರ್ ಪ್ಯಾರಲಲ್ ಬೇಕು. ಲೆಕ್ಕ: 320ನ್ನು 240ರಿಂದ ಗುಣಿಸಿ, ಎರಡರ ವ್ಯತ್ಯಾಸವಾದ 80ರಿಂದ ಭಾಗಿಸಿ. 960 ಬರುತ್ತದೆ. ಅಂಗಡಿಯಲ್ಲಿ ಹತ್ತಿರದ್ದು 1000 ಓಮ್. ಹಾಕಿದ ಮೇಲೆ ಖಾಲಿಗೆ 242, ಫುಲ್‌ಗೆ 32. ಮುಳ್ಳಿನ ದಪ್ಪದಲ್ಲೇ ಮುಚ್ಚಿಹೋಗುವಷ್ಟು ವ್ಯತ್ಯಾಸ. ಸೀರೀಸ್‌ನದು ಎರಡು ವ್ಯಾಟಿನದಿರಲಿ, ಪ್ಯಾರಲಲ್‌ನದು ಅರ್ಧ ವ್ಯಾಟ್ ಸಾಕು. ಎರಡನ್ನೂ ಡ್ಯಾಶ್‌ಬೋರ್ಡಿನ ಕಡೆಯೇ ಬೆಸೆದು ಸ್ಲೀವ್ ಹಾಕಿ, ಟ್ಯಾಂಕಿನ ಹತ್ತಿರ ಬೇಡ.

ಸೆಂಡರಿನ ಹರವು ಗೇಜಿಗಿಂತ ಕಿರಿದಾಗಿದ್ದರೆ, ಅಥವಾ ದಿಕ್ಕೇ ಉಲ್ಟಾ ಇದ್ದರೆ ರೆಸಿಸ್ಟರಿನಿಂದ ಏನೂ ಆಗುವುದಿಲ್ಲ. ರೆಸಿಸ್ಟರ್ ಹರವನ್ನು ಕುಗ್ಗಿಸಬಲ್ಲದು, ಹಿಗ್ಗಿಸಲಾರದು. ಆಗ ಗೇಜಿಗೆ ಹೊಂದುವ ಸೆಂಡರ್ ತರಬೇಕು, ಇಲ್ಲವೆ ನಮಗೆ ಬೇಕಾದ ಓಮ್ ಕಲಿಸಿಕೊಡಬಹುದಾದ ಗೇಜ್ ಕೊಳ್ಳಬೇಕು. 2014ರಲ್ಲಿ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಡರ್ ತಯಾರಿಕೆ ನಿಂತ ಮೇಲೆ ಮೂಲ ಭಾಗಗಳಿಗೆ ಗುಜರಿಯೇ ಗತಿ. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುವಾಗ ಮಲ್ಟಿಮೀಟರ್ ಜೇಬಿನಲ್ಲಿಟ್ಟುಕೊಂಡು ಹೋಗಿ, ಅಂಗಡಿಯಲ್ಲೇ ತೋಳು ಆಡಿಸಿ ಅಳೆದು ಕೊಳ್ಳಿ.

ಹಂತ 7: ಲೀಟರಿನ ಪಟ್ಟಿ

ಎಲ್ಲ ಸರಿಹೋದ ಮೇಲೂ ಅರ್ಧ ಮುಳ್ಳು ಎಂದರೆ ಅರ್ಧ ಪೆಟ್ರೋಲ್ ಅಲ್ಲ. ಟ್ಯಾಂಕ್ ಚೌಕದ ಡಬ್ಬವಲ್ಲ, ಒಂದು ಕಡೆ ಉಬ್ಬು, ಇನ್ನೊಂದು ಕಡೆ ತಗ್ಗು. ಫ್ಲೋಟ್ ಹೇಳುವುದು ಮಟ್ಟವನ್ನು, ಲೀಟರನ್ನಲ್ಲ.

ಟ್ಯಾಂಕ್ ಬರಿದಾಗುವ ಹತ್ತಿರ ಬರುವ ತನಕ ಓಡಿಸಿ, ಡಿಕ್ಕಿಯಲ್ಲಿ ಒಂದು ತಗಡಿನ ಡಬ್ಬ ಪೆಟ್ರೋಲ್ ಇರುವ ದಿನ. ಬಂಕಿಗೆ ಹೋಗಿ ಐದು ಲೀಟರ್ ಹಾಕಿಸಿ, ಪಂಪಿನಿಂದ ದೂರ ಸಮತಟ್ಟು ಜಾಗಕ್ಕೆ ಬಂದು ನಿಲ್ಲಿಸಿ, ಇಗ್ನಿಷನ್ ಹಾಕಿ ಒಂದು ನಿಮಿಷ ಬಿಟ್ಟು ಮುಳ್ಳಿನ ಜಾಗ ಬರೆದುಕೊಳ್ಳಿ. ಮತ್ತೆ ಐದು. ಬೆಳಿಗ್ಗೆ ಆರು ಗಂಟೆಗೆ ಹೋದರೆ ವಾಸಿ, ನಾಲ್ಕನೇ ಸಲ ಸಾಲಿನಲ್ಲಿ ನಿಂತಾಗ ಬಂಕಿನ ಹುಡುಗ ನಿಮ್ಮ ಮುಖವನ್ನು ಒಂದು ಥರ ನೋಡುತ್ತಾನೆ. ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ನಿಲ್ಲಿಸಿ ಓದಿದರೆ ಪಟ್ಟಿ ಕೆಟ್ಟಿತು, ಇಳಿಜಾರಿನಲ್ಲಿ ಪೆಟ್ರೋಲ್ ಒಂದು ಮೂಲೆಗೆ ಸರಿದಿರುತ್ತದೆ.

ನನ್ನದರಲ್ಲಿ ಮೊದಲ ಐದು ಲೀಟರಿಗೆ ಮುಳ್ಳು ಮಿಸುಕಲೇ ಇಲ್ಲ, ಅದು ನನ್ನ ರಿಸರ್ವ್ ಎಂದು ತೋಳನ್ನು ಬಗ್ಗಿಸದೆ ಹಾಗೇ ಬಿಟ್ಟೆ. ಪಟ್ಟಿಯನ್ನು ಚೀಟಿಯಲ್ಲಿ ಬರೆದು ಡ್ಯಾಶ್‌ಬೋರ್ಡಿನ ಗೂಡಿನೊಳಗೆ ಅಂಟಿಸಿದ್ದೇನೆ. ಮಾವನ ಗಾಡಿಗೂ ಒಂದು ಚೀಟಿ ಬರೆದುಕೊಟ್ಟೆ. ಈಗ ಮಂಡ್ಯದಿಂದ ಹೊರಡುವ ಮೊದಲು ಅದನ್ನು ಓದಿ, ಆಮೇಲೆ ಟ್ಯಾಂಕಿನ ಮುಚ್ಚಳ ತೆಗೆದು ಕಡ್ಡಿಯನ್ನೂ ಒಮ್ಮೆ ಇಳಿಸಿ ನೋಡಿಯೇ ಹೊರಡುತ್ತಾರೆ.